ಅಭಿಮಾನದ ಋಣ

ಕಳೆದ ವರ್ಷ ಮುಳಬಾಗಿಲಿನ ನಮ್ಮ ಕಾಲೇಜಿನ ಪದವಿ ತರಗತಿಯವರಿಗೆ ‘ನಾನು ಮೆಚ್ಚಿದ ವ್ಯಕ್ತಿ’ ಎಂಬ ವಿಷಯ ಕೊಟ್ಟು ಪ್ರಬಂಧ ಬರೆಯಹೇಳಿದ್ದೆ. ವಿಷಯವೇನೋ ಹಳೆಯದು, ನಾವೂ ನಮ್ಮ ಕಾಲದಲ್ಲಿ ಇದನ್ನೇ ಬರೆದು ಅಂಕ ಪಡೆದವರು. ಗಾಂಧೀಜಿ, ವಿಶ್ವೇಶ್ವರಯ್ಯ, ಇಲ್ಲವೆ 1887ರಲ್ಲಿ ಇದೇ ಊರಿನಲ್ಲಿ ಹುಟ್ಟಿದ ಡಿ.ವಿ.ಜಿ. - ಉತ್ತರಗಳು ಹೀಗೆ ಬಂದಾವೆಂದು ಎಣಿಸಿದ್ದೆ. ಕಟ್ಟು ಬಿಚ್ಚಿ ನೋಡಿದರೆ ಹನ್ನೊಂದು ಮಂದಿ ಮೆಚ್ಚಿದ್ದ ವ್ಯಕ್ತಿ ರಾಕಿ ಭಾಯ್, ‘ಕೆ.ಜಿ.ಎಫ್.’ ಚಿತ್ರದ ಕಥಾನಾಯಕ. ಎಂದೂ ಹುಟ್ಟದೆಯೇ ನಮ್ಮ ಜಿಲ್ಲೆಯ ಅತ್ಯಂತ ಪ್ರಸಿದ್ಧ ಪುರುಷನಾಗಿರುವವನು.

ಆ ಹನ್ನೊಂದರಲ್ಲಿ ಒಂದನ್ನು ಬರೆದ ಹುಡುಗನ ತಾತ ಕೋಲಾರದ ಚಿನ್ನದ ಗಣಿಯಲ್ಲಿ ದುಡಿದವರೆಂಬುದು ನನಗೆ ಗೊತ್ತಿತ್ತು. ಅವನನ್ನು ಕರೆದು, “ನಿಜವಾದ ಗಣಿಗೆ ಇಳಿದವರು ಮನೆಯಲ್ಲೇ ಇದ್ದಾರಲ್ಲಪ್ಪ, ಅವರ ವಿಷಯ ಏಕೆ ಬರೆಯಲಿಲ್ಲ?” ಎಂದು ಕೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ತಾತ ಏನೂ ಮಾಡಲಿಲ್ಲ ಸಾರ್, ಬರೀ ಕೆಲಸ ಮಾಡಿದ್ರು ಅಷ್ಟೆ” ಎಂದ. ಅದಕ್ಕೆ ಏನು ಹೇಳಬೇಕೆಂದು ಆಗ ನನಗೆ ಹೊಳೆಯಲಿಲ್ಲ. ಗಂಟೆ ಹೊಡೆಯಿತು, ಹುಡುಗ ಹೊರಟುಹೋದ. ಅಂದು ಹೇಳಲಾಗದೆ ಉಳಿದ ಉತ್ತರವನ್ನು ಇಲ್ಲಿ ಹುಡುಕುತ್ತಿದ್ದೇನೆ.

ಹುಡುಗರನ್ನು ಜರೆಯುವುದು ಸುಲಭ. ಆದರೆ ಅತಿಮಾನುಷ ಬಲದವರಿಗೆ ಮಾರುಹೋಗುವುದು ಇವರಿಂದಲೇ ಮೊದಲಾದದ್ದಲ್ಲ. ನಮ್ಮೂರಿನ ಆಂಜನೇಯನನ್ನು ಕುರುಕ್ಷೇತ್ರದ ಯುದ್ಧ ಮುಗಿದ ಮೇಲೆ ಅರ್ಜುನನೇ ಪ್ರತಿಷ್ಠಿಸಿದನೆಂದು ಐತಿಹ್ಯವಿದೆ. ತನ್ನ ರಥದ ಧ್ವಜದಲ್ಲಿ ನಿಂತು ಕಾದವನಿಗೆ ಗೆದ್ದವನು ಸಲ್ಲಿಸಿದ ಕೃತಜ್ಞತೆ ಅದು. ಸಮುದ್ರವನ್ನು ಹಾರಿದವನು, ಬೆಟ್ಟವನ್ನು ಕಿತ್ತು ತಂದವನು ಎಂದು ನಮ್ಮ ಅಜ್ಜಿಯರು ಹೇಳಿದ್ದನ್ನು ಬಾಯಿ ತೆರೆದು ಕೇಳಿದ ನಾವು, ಉಕ್ಕಿನ ಕವಚ ತೊಟ್ಟು ಹಾರುವವನನ್ನು ನೋಡಿ ಶಿಳ್ಳೆ ಹಾಕುವ ಮೊಮ್ಮಕ್ಕಳನ್ನು ಹಳಿಯುವುದು ನ್ಯಾಯವಲ್ಲ. ಮೆಚ್ಚುವುದು ತಪ್ಪೇ ಎಂದು ಕೇಳಿದರೆ ತಪ್ಪಲ್ಲ ಎಂದೇ ಹೇಳಬೇಕು. ಆದರೆ ಮೆಚ್ಚಿದವನ ಮೇಲೆ ಏನಾದರೂ ಹೊಣೆ ಬೀಳುತ್ತದೆಯೆ, ಇಲ್ಲವೆ? ನನ್ನನ್ನು ಕಾಡಿದ ಪ್ರಶ್ನೆ ಇದು.

ಮೊದಲು ಈ ಮೆಚ್ಚಿಕೆಯ ಆಯುಷ್ಯವನ್ನು ನೋಡೋಣ. 1968ರಲ್ಲಿ ‘ಜೇಡರ ಬಲೆ’ ತೆರೆಗೆ ಬಂದಾಗ ರಾಜಕುಮಾರ್ ಅವರ ಸಿ.ಐ.ಡಿ. 999 ಕನ್ನಡಿಗರ ಪಾಲಿಗೆ ಹೊಸ ಬಗೆಯ ವೀರ. ಎರಡು ವರ್ಷಗಳಲ್ಲಿ ಆ ಮಾಲೆಯ ಮೂರು ಚಿತ್ರಗಳು ಬಂದವು; ನಾಲ್ಕನೆಯದು ಬರುವ ಹೊತ್ತಿಗೆ 1978. ನಮ್ಮ ತಂದೆಯವರ ಪೀಳಿಗೆ ಚಪ್ಪಾಳೆ ತಟ್ಟಿದ ಆ ಪತ್ತೇದಾರನ ಹೆಸರು ಹೇಳಿದರೆ ನನ್ನ ತರಗತಿಯಲ್ಲಿ ಒಂದು ಕೈಯೂ ಮೇಲೇಳುವುದಿಲ್ಲ. ಅಮೆರಿಕದ ದೊಡ್ಡ ಅಂಗಡಿಯ ಕಥೆಯೂ ಬೇರೆಯಲ್ಲ. 2008ರಲ್ಲಿ ‘ಐರನ್ ಮ್ಯಾನ್’ನಿಂದ ಶುರುವಾದ ಮಾರ್ವೆಲ್ ಚಿತ್ರಮಾಲೆ 2019ರಲ್ಲಿ ‘ಅವೆಂಜರ್ಸ್: ಎಂಡ್‌ಗೇಮ್’ ಎಂಬ ಒಂದೇ ಚಿತ್ರದಿಂದ ಸುಮಾರು 280 ಕೋಟಿ ಡಾಲರ್ ಗಳಿಸಿತು, ನಾಲ್ಕೇ ವರ್ಷದ ತರುವಾಯ, 2023ರಲ್ಲಿ, ಅದೇ ಮಾಲೆಯ ‘ದಿ ಮಾರ್ವೆಲ್ಸ್’ ಗಳಿಸಿದ್ದು 20 ಕೋಟಿ ಡಾಲರಿಗೆ ಸ್ವಲ್ಪ ಹೆಚ್ಚು. 2019ರ ಬೇಸಿಗೆಯಲ್ಲಿ ನಮ್ಮ ಕಾರಿಡಾರಿನಲ್ಲಿ ಎಂಡ್‌ಗೇಮಿನ ಮುಗಿತಾಯವನ್ನು ಯಾರು ಬಾಯಿಬಿಟ್ಟರೆಂಬುದಕ್ಕೆ ಜಗಳವಾಗಿತ್ತು. ಈಗ ಆ ಪಾತ್ರಗಳ ಮಾತೇ ಅಪರೂಪ.

ಹೀಗೇಕಾಗುತ್ತದೆ? ಕಥೆಗಳು ಸಪ್ಪೆಯಾದವು, ಚಿತ್ರಗಳು ಅತಿಯಾದವು ಎನ್ನುವವರಿದ್ದಾರೆ, ಅದೂ ನಿಜವಿದ್ದೀತು. ನನಗೆ ಕಾಣುವ ಕಾರಣ ಇನ್ನೂ ಸರಳವಾದದ್ದು. ತೆರೆಯ ಮೇಲಿನ ವೀರನಿಗೆ ವಯಸ್ಸಾಗುವುದಿಲ್ಲ, ಎದುರಿಗೆ ಕುಳಿತವನಿಗೆ ಆಗುತ್ತದೆ. 2008ರಲ್ಲಿ ಹತ್ತು ವರ್ಷದವನಾಗಿದ್ದವನಿಗೆ 2023ರಲ್ಲಿ ಇಪ್ಪತ್ತೈದು. ಮನೆ ಬಾಡಿಗೆ, ಕೆಲಸದ ಅರ್ಜಿ, ತಂಗಿಯ ಮದುವೆ ಅವನ ಮುಂದಿವೆ. ಇವು ಯಾವುದಕ್ಕೂ ಆ ವೀರನಲ್ಲಿ ಪರಿಹಾರವಿಲ್ಲ. ಅವನು ಎದ್ದು ಹೋದ ಕುರ್ಚಿಯಲ್ಲಿ ಬೇರೊಬ್ಬ ಹುಡುಗ, ಬೇರೊಬ್ಬ ವೀರನಿಗಾಗಿ ಬಂದು ಕೂರುತ್ತಾನೆ. ನಮ್ಮೂರಿನಲ್ಲಿ ಮೊದಲ ದಿನದ ಮೊದಲ ಆಟಕ್ಕೆ ನುಗ್ಗುವವರು ಬಹುಮಟ್ಟಿಗೆ ಹದಿನೆಂಟರಿಂದ ಇಪ್ಪತ್ತೆರಡರ ಹುಡುಗರೇ. ಆಂಧ್ರದ ಗಡಿ ನಂಗಲಿಯಾಚೆಗೇ ಇರುವುದರಿಂದ ಅವರಿಗೆ ತೆಲುಗು ವೀರರೂ ಸ್ವಂತದವರೇ. ಹೆಣ್ಣುಮಕ್ಕಳು ಅದೇ ಚಿತ್ರವನ್ನು ಆಮೇಲೆ ಮೊಬೈಲಿನಲ್ಲಿ ನೋಡುತ್ತಾರೆ; ತಾಯಂದಿರು ಟಿ.ವಿ.ಯಲ್ಲಿ ಅರ್ಧ ನೋಡಿ ಅಡಿಗೆಮನೆಗೆ ಎದ್ದುಹೋಗುತ್ತಾರೆ.

ಈ ಮಾತನ್ನು ಸ್ಟಾಫ್ ರೂಮಿನಲ್ಲಿ ಎತ್ತಿದಾಗ ಅರ್ಥಶಾಸ್ತ್ರದ ಮಿತ್ರರೊಬ್ಬರು ನನ್ನನ್ನೇ ತರಾಟೆಗೆ ತೆಗೆದುಕೊಂಡರು. “ತಿಂಗಳ ಮೊದಲಿಗೆ ಸಂಬಳ ಎಣಿಸುವ ನಿಮಗೇನು ಗೊತ್ತು ಸ್ವಾಮಿ? ಟೊಮೆಟೊ ಮಂಡಿಯಲ್ಲಿ ಕ್ರೇಟು ಹೊತ್ತು ಫೀಸು ಕಟ್ಟುವ ಹುಡುಗ ಮೂರು ಗಂಟೆ ಹೊತ್ತು ಬೆನ್ನು ನೇರ ಮಾಡಿ ಕೂರುವುದು ಅಲ್ಲೊಂದೇ. ಅದನ್ನೂ ಕಿತ್ತುಕೊಳ್ಳುತ್ತೀರಾ?” ಮಾತು ನಾಟಿತು. ಸೋತವನಿಗೆ ಇನ್ನೊಬ್ಬನ ಗೆಲುವು ತನ್ನದೆನಿಸುವುದು ಒಂದು ಔಷಧವೇ ಸರಿ. ಅದನ್ನು ಕಿತ್ತುಕೊಳ್ಳುವ ಅಧಿಕಾರ ನನಗಿಲ್ಲ.

ಆದರೆ ‘ತನ್ನದು’ ಎಂಬ ಈ ಮಾತಿನಲ್ಲಿ ಎರಡು ಬಗೆಗಳಿವೆ. ಅಭಿಮಾನವೆಂಬ ಪದವೇ ಅದನ್ನು ತೋರಿಸಿಕೊಡುತ್ತದೆ. ವೇದಾಂತಿಗಳ ಬಾಯಲ್ಲಿ ಅದೊಂದು ದೋಷ. ತಾನಲ್ಲದ ದೇಹವನ್ನು ತಾನೆಂದು ತಿಳಿಯುವುದು ದೇಹಾಭಿಮಾನ. ಆದರೆ ಮಾಧ್ವರಲ್ಲಿ ‘ಅಭಿಮಾನಿ ದೇವತೆ’ ಎಂಬ ಮಾತಿದೆ. ಶ್ರೀಪಾದರಾಜರ ಬೃಂದಾವನವಿರುವ ನರಸಿಂಹತೀರ್ಥ ಹತ್ತಿರದಲ್ಲೇ ಇರುವುದರಿಂದ ನಮ್ಮೂರಿನವರಿಗೆ ಅದು ಅಪರಿಚಿತವಲ್ಲ. ನೀರಿಗೊಬ್ಬ, ಬೆಂಕಿಗೊಬ್ಬ, ಮನಸ್ಸಿಗೊಬ್ಬ ಅಭಿಮಾನಿ ದೇವತೆ. ಅದನ್ನು ತನ್ನದೆಂದು ವಹಿಸಿಕೊಂಡು ನಡೆಸುವವನು. ಒಬ್ಬ ನನ್ನದೆಂದು ಅನುಭವಿಸುತ್ತಾನೆ, ಇನ್ನೊಬ್ಬ ನನ್ನದೆಂದು ಹೊರುತ್ತಾನೆ. ಪದ ಒಂದೇ ಆದರೂ ನಡತೆ ಬೇರೆ. ರಾಜಕುಮಾರ್ ಅವರು ಪ್ರೇಕ್ಷಕರನ್ನು ‘ಅಭಿಮಾನಿ ದೇವರುಗಳೇ’ ಎಂದು ಕರೆಯುತ್ತಿದ್ದರು. ಅದನ್ನು ನಟನ ವಿನಯವೆಂದು ನಾವು ಕೊಂಡಾಡಿದೆವು. ದೇವರೆನಿಸಿಕೊಂಡವರ ಮೇಲೆ ಬಿದ್ದ ಹೊರೆಯನ್ನು ಮಾತ್ರ ಯೋಚಿಸಲಿಲ್ಲ.

ಹೊರೆಯಿಲ್ಲದ ಅಭಿಮಾನ ಸುಮ್ಮನಿರಲಾರದೆ ಎಲ್ಲಾದರೊಂದು ಕಡೆ ತನ್ನನ್ನು ತೋರಿಸಿಕೊಳ್ಳಬೇಕು. 2024ರ ಜನವರಿ 8ರಂದು, ಯಶ್ ಅವರ ಹುಟ್ಟುಹಬ್ಬದ ದಿನ, ಗದಗ ಜಿಲ್ಲೆಯ ಸೂರಣಗಿಯಲ್ಲಿ ಅವರ ಕಟೌಟು ನಿಲ್ಲಿಸಹೋಗಿ ಮೂವರು ಯುವಕರು ವಿದ್ಯುತ್ ತಗುಲಿ ಸತ್ತರು. ಆ ನಟ ಅವರ ಊರಿಗೇ ಹೋದರು. ಅಭಿಮಾನವನ್ನು ಹೀಗೆ ತೋರಿಸಬೇಡಿರೆಂದು ಬೇಡಿಕೊಂಡರು. ಕೇಳದ ಸಾಲಕ್ಕೆ ಪ್ರಾಣವನ್ನು ತೆತ್ತ ಆ ಮಕ್ಕಳ ಮನೆಗಳನ್ನು ನೆನೆದರೆ ಟೀಕೆಯ ಮಾತು ಗಂಟಲಲ್ಲೇ ಉಳಿಯುತ್ತದೆ.

ಹಾಗಾದರೆ ನಾವು ನಿಜವಾಗಿ ಯಾರಿಗೆ ಸಾಲಗಾರರು? ಚಿತ್ರದ ‘ನರಾಚಿ’ ಕಲ್ಪನೆಯ ಗಣಿ. 2018ರ ಮೊದಲ ಭಾಗದಲ್ಲಿ ಅಲ್ಲಿ ಗುಲಾಮರಂತೆ ದುಡಿಯುವವರು ತಮ್ಮನ್ನು ಬಿಡಿಸುವ ಒಬ್ಬನಿಗಾಗಿ ಕಾದಿರುತ್ತಾರೆ, ಅವನು ಬರುತ್ತಾನೆ, 2022ರ ಎರಡನೆಯ ಭಾಗದ ಕೊನೆಗೆ ಚಿನ್ನದೊಡನೆ ಸಮುದ್ರದ ಪಾಲಾಗುತ್ತಾನೆ. ನಿಜವಾದ ಕೋಲಾರದ ಗಣಿಯಲ್ಲಿ 1880ರ ದಶಕದಿಂದ ತಮಿಳು, ತೆಲುಗು ಸೀಮೆಗಳ ಬಡವರು ಇಳಿದರು. ಕಾಲಾನಂತರ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಹೋದರು. ಬಂಡೆ ಸಿಡಿದು ಕೆಲವರು ಸತ್ತರು, ಕಲ್ಲಿನ ದೂಳು ಎದೆಗೆ ಸೇರಿ ಹಲವರು ಕೆಮ್ಮಿ ಕೆಮ್ಮಿ ಸತ್ತರು. 1930ರಲ್ಲಿ ಅವರ ಬೆರಳಚ್ಚು ತೆಗೆದು ಪಟ್ಟಿಮಾಡಲು ಹೊರಟಾಗ ಸಾವಿರಾರು ಜನ ಒಟ್ಟಾಗಿ ಕೆಲಸ ನಿಲ್ಲಿಸಿದರು. ಅದು ಯಾವನೊಬ್ಬನ ಪರಾಕ್ರಮವೂ ಅಲ್ಲ. ಅವರು ಬಿಡಿಸುವವನಿಗಾಗಿ ಕಾಯಲಿಲ್ಲ, ಅಷ್ಟೆ. 2001ರ ಫೆಬ್ರವರಿ 28ರಂದು ಗಣಿಯೇ ಮುಚ್ಚಿತು.

ಬೆಂಗಳೂರಿನ ವಾಚಕರು ಇನ್ನೊಂದು ಮಾತು ನೆನೆಯಬೇಕು. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಮೊದಲು ಹರಿದದ್ದು ಈ ಗಣಿಗೆ. ಬೆಂಗಳೂರಿಗೆ ದೀಪ ಬಂದದ್ದು ಆಮೇಲೆ, 1905ರಲ್ಲಿ. ಆ ತಂತಿಯನ್ನು ಎಳೆಸಿದ್ದು ಭೂಮಿಯ ಕೆಳಗೆ ನಡೆಯುತ್ತಿದ್ದ ‘ಬರೀ ಕೆಲಸ’. ಚಿತ್ರಮಂದಿರದ ತೆರೆಯನ್ನು ಬೆಳಗುವ ದೀಪದ ವಂಶವನ್ನು ಹುಡುಕುತ್ತ ಹೋದರೆ ಆ ಹುಡುಗನ ತಾತನಂಥವರ ಬಳಿಗೇ ಹೋಗಿ ತಲುಪಬೇಕಾದೀತು.

ರಾಕಿಯ ಋಣ ಟಿಕೆಟು ಕೊಂಡೊಡನೆ ತೀರುತ್ತದೆ. ಇನ್ನು ಹತ್ತು ವರ್ಷಕ್ಕೆ ಅವನ ಹೆಸರೂ ಮಾಸೀತು. ತಾತನ ಋಣ ಹಾಗೆ ತೀರುವಂಥದಲ್ಲ. ಅದು ಮೊಮ್ಮಗನಿಂದ ಏನನ್ನಾದರೂ ಕೇಳುತ್ತದೆ, ಕಡೆಯಪಕ್ಷ ತಿಳಿದುಕೊಳ್ಳುವ ಕಷ್ಟವನ್ನಾದರೂ. ಮೆಚ್ಚಿದವನಿಂದ ಏನನ್ನೂ ಕೇಳದ ವೀರನನ್ನು ಮೆಚ್ಚುವುದು ವಿನೋದ. ಕೇಳುವವನನ್ನು ಮೆಚ್ಚಿದಾಗಲೇ ಅದು ಅಭಿಮಾನವಾಗುತ್ತದೆಂದು ನನಗೆ ತೋರುತ್ತದೆ.

ಆ ಪ್ರಬಂಧಕ್ಕೆ ನಾನು ಅಂಕ ಕಡಿಮೆ ಕೊಡಲಿಲ್ಲ. ಹುಡುಗ ಚೆನ್ನಾಗಿಯೇ ಬರೆದಿದ್ದ. ಮರುವಾರ ಅವನು ಸಿಕ್ಕಾಗ, “ತಾತ ಎಷ್ಟು ಅಡಿ ಕೆಳಗೆ ಇಳೀತಿದ್ದರು, ಜೊತೆಗೆ ಯಾರಿರುತ್ತಿದ್ದರು, ಕೇಳಿಕೊಂಡು ಬಾ” ಎಂದೆ. “ಅವರಿಗೆ ಈಗ ಕಿವಿ ಸರಿಯಾಗಿ ಕೇಳಲ್ಲ ಸಾರ್” ಎಂದ. “ಜೋರಾಗಿ ಕೇಳು” ಎಂದೆ.