ನೀರೆತ್ತುವ ಹೊಗೆ

ನೀರಿನ ಬಿಲ್ಲು ಕಟ್ಟಿದ್ದಾಯ್ತು, ಇನ್ನೇನು ಋಣ ಉಳೀತು ಅಂತ ಕೇಳುವವರಿದ್ದಾರೆ. ಸುಮ್ಮನೆ ತಳ್ಳಿಹಾಕುವ ಪ್ರಶ್ನೆಯಲ್ಲ ಇದು.

ನೀರು ತಾನಾಗಿ ಮೇಲೆ ಹತ್ತುವುದಿಲ್ಲ, ಯಾರಾದರೂ ಎತ್ತಬೇಕು. ಕಪಿಲೆಯ ಕಾಲದಲ್ಲಿ ಎತ್ತುಗಳು ಎತ್ತುತ್ತಿದ್ದವು. ಅವುಗಳ ಬಾಯಿಯ ನೊರೆ ಕಣ್ಣೆದುರೇ ಇತ್ತು. ಅವಕ್ಕೆ ಮೇವು ಹಾಕದೆ ಉಣ್ಣಲು ಕೂರುವುದು ಯಾರಿಗೂ ಒಪ್ಪುತ್ತಿರಲಿಲ್ಲ. ಆಮೇಲೆ ಉಗಿಯಂತ್ರ ಬಂತು. 1712ರಲ್ಲಿ ಇಂಗ್ಲೆಂಡಿನ ಥಾಮಸ್ ನ್ಯೂಕಮೆನ್ ನಿಲ್ಲಿಸಿದ ಯಂತ್ರದ ಕೆಲಸ ಕಲ್ಲಿದ್ದಲು ಗಣಿಯೊಳಗಿನ ನೀರೆತ್ತುವುದು. ಮುಂದೆ ಅಂಥ ಯಂತ್ರಗಳೇ ಪಟ್ಟಣಗಳಿಗೂ ನೀರೆತ್ತಿದವು.

ನಮ್ಮವರು ಕೂಲಿಗೂ ಓದಿಗೂ ಹೋಗುವ ಬೆಂಗಳೂರನ್ನೇ ನೋಡಿ. ಊರು ದಿಣ್ಣೆಯ ಮೇಲೆ, ಅರ್ಕಾವತಿ ಹೊಳೆ ತಗ್ಗಿನಲ್ಲಿ. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ, 1894ರಲ್ಲಿ, ಹೆಸರಘಟ್ಟದ ಕೆರೆಯನ್ನು ಹೊಸದಾಗಿ ಕಟ್ಟಿದರು. 1896ರಿಂದ ಅದರ ನೀರು ಸೋಲದೇವನಹಳ್ಳಿಗೆ ಹರಿದು, ಅಲ್ಲಿಯ ಉಗಿ ಪಂಪುಗಳಿಂದ ಮೇಲೇರಿ ಪಟ್ಟಣ ಸೇರಿತು. ಹಳ್ಳಿಗೆ ಹೊಗೆ, ಪಟ್ಟಣಕ್ಕೆ ನೀರು. ಆದರೂ ಆ ಹೊಗೆ ಎಲ್ಲಿಯದು ಅಂತ ನೋಡಬೇಕೆಂದರೆ ಒಂದು ಗಾಡಿ ಪ್ರಯಾಣದಷ್ಟೇ ದೂರ. 1905ರಲ್ಲಿ ಶಿವನಸಮುದ್ರದ ಕರೆಂಟು ಬೆಂಗಳೂರಿಗೆ ಬಂತು. ಮುಂದೆ ಪಂಪುಗಳೂ ಕರೆಂಟಿಗೆ ತಿರುಗಿದವು, ಹೊಗೆ ಹೋಯಿತು ಅಂತ ಜನ ನೆಮ್ಮದಿಯಾದರು.

ಎಲ್ಲಿಗೆ ಹೋಯಿತು? ನಮ್ಮ ಹೊಗೇನಕಲ್ಲಿಗೆ ಬನ್ನಿ. ಹೆಸರೇ ಕನ್ನಡ, ಹೊಗೆಯ ಕಲ್ಲು. ಅಲ್ಲಿ ಏಳುವ ಹೊಗೆ ಬರೀ ನೀರಿನ ತುಂತುರು. ಧರ್ಮಪುರಿ, ಕೃಷ್ಣಗಿರಿ ಕಡೆ ಬೋರಿನ ನೀರಿನಲ್ಲಿ ಫ್ಲೋರೈಡು ಹೆಚ್ಚು. ಮಕ್ಕಳ ಹಲ್ಲು ಕಂದುಗಟ್ಟುತ್ತದೆ, ದೊಡ್ಡವರ ಮೂಳೆ ಬಿಗಿಯುತ್ತದೆ. ಅದಕ್ಕೇ ಕಾವೇರಿ ನೀರನ್ನು ಅಲ್ಲಿಂದ ಎತ್ತಿ ಊರೂರಿಗೆ ಕೊಡುವ ಯೋಜನೆ 2013ರಲ್ಲಿ ಶುರುವಾಯಿತು. ಪಂಪಿಗೆ ಕರೆಂಟು ಬೇಕಲ್ಲ? ಆ ಕರೆಂಟಿನ ಜಾಲಕ್ಕೆ ಗಾಳಿಯೂ ಸೇರಿದೆ, ಅಣೆಕಟ್ಟೂ ಸೇರಿದೆ, ಕಲ್ಲಿದ್ದಲೂ ಸೇರಿದೆ. ಹೊಳೆಯ ಕೆಳಗಡೆ, ಸೇಲಂ ಜಿಲ್ಲೆಯ ಮೆಟ್ಟೂರಿನ ವಿದ್ಯುತ್ ಕೇಂದ್ರದಲ್ಲಿ ಕಲ್ಲಿದ್ದಲು ಸುಟ್ಟು ಅದೇ ಕಾವೇರಿ ನೀರನ್ನು ಉಗಿ ಮಾಡುತ್ತಾರೆ, ಆ ಉಗಿ ಚಕ್ರ ತಿರುಗಿಸುತ್ತದೆ. ಉಗಿಯಂತ್ರ ಹೋಗಿಲ್ಲ, ನಮ್ಮ ಕಣ್ಣಿಗೆ ಮರೆಯಾಗಿದೆ ಅಷ್ಟೆ.

ಮೇಷ್ಟ್ರುಗಳು ಮಕ್ಕಳಿಗೆ ಈ ಲೆಕ್ಕ ಕೊಡಬಹುದು: 1000 ಲೀಟರ್ ನೀರನ್ನು 100 ಮೀಟರ್ ಎತ್ತಲು, ಪಂಪಿನ ನಷ್ಟವೂ ಸೇರಿ, ಅರ್ಧ ಯೂನಿಟ್ಟಿಗೆ ಸ್ವಲ್ಪ ಕಡಿಮೆ ಕರೆಂಟು ಬೇಕು. ಅಷ್ಟನ್ನೂ ಕಲ್ಲಿದ್ದಲಿನಿಂದಲೇ ಮಾಡಿದರೆ ಸುಮಾರು ಕಾಲು ಕಿಲೋ ಸುಡಬೇಕು.

ಮಗುವಿನ ಹಲ್ಲು ಉಳಿಯಲಿ ಅಂತ ಕಾಲು ಕಿಲೋ ಸುಟ್ಟರೆ ಅದು ತಪ್ಪು ಅಂತ ನಾನು ಹೇಳಲಾರೆ. ಎತ್ತಿನ ಋಣ ಇದೆ ಅಂತ ಯಾರೂ ಕಪಿಲೆ ನಿಲ್ಲಿಸಲಿಲ್ಲವಲ್ಲ. ಹೊತ್ತಿಗೆ ಸರಿಯಾಗಿ ಕೊರಳು ಬಿಚ್ಚುತ್ತಿದ್ದರು. ಆದರೆ ಬಿಲ್ಲಿನ ದುಡ್ಡು ಪೈಪಿಗೆ ಹೋಗುತ್ತದೆ, ಕರೆಂಟಿಗೆ ಹೋಗುತ್ತದೆ, ಆಳಿಗೆ ಹೋಗುತ್ತದೆ. ಬೂದಿಯ ಪಕ್ಕದಲ್ಲಿ ಬಾಳುವವರ ಕೈಗೆ ಅದರಲ್ಲಿ ಏನೂ ಸೇರುವುದಿಲ್ಲ. ಊರ ಟ್ಯಾಂಕು ತುಂಬಿ ರಾತ್ರಿಯೆಲ್ಲ ಸುರಿದರೆ ಬೆಳಗ್ಗೆ ವಾಲ್ವು ತಿರುಗಿಸುವವನನ್ನು ಬೈದು ಸುಮ್ಮನಾಗುತ್ತೇವೆ. ಬೂದಿಯನ್ನು ಕಟ್ಟುನಿಟ್ಟಾಗಿ ನೋಡಿಕೊಳ್ಳಿ ಅಂತ, ಹೊಗೇನಕಲ್ಲಿನ ನೀರು ಕುಡಿಯುವ ನಮ್ಮ ಊರುಗಳಿಂದ ಒಂದು ಅರ್ಜಿ ಹೋದದ್ದಂತೂ ನಾನು ಕೇಳಿಲ್ಲ.