ಕಪ್ಪಾದ ಆಯಿಲ್ ಮತ್ತು ನಮ್ಮ ಅನುಮಾನ

ಕಳೆದ ವರ್ಷ ಅಣ್ಣ ಒಂದು ಸೆಕೆಂಡ್ ಹ್ಯಾಂಡ್ ಟರ್ಬೊ ಪೆಟ್ರೋಲ್ ಕಾರು ಕೊಂಡ. ವೇಗದ ಹುಚ್ಚಿನವರು ಇಷ್ಟಪಡುವ ಗಾಡಿ. ಕೊಂಡ ವಾರದಲ್ಲೇ ಮೈಸೂರಿನ ಒಂದು ಸಣ್ಣ ಗ್ಯಾರೇಜಿನಲ್ಲಿ ಎಂಜಿನ್ ಆಯಿಲ್ ಬದಲಾಯಿಸಿದೆವು. 800 ಕಿಲೋಮೀಟರ್ ಓಡಿದ ಮೇಲೆ ಡಿಪ್‌ಸ್ಟಿಕ್ ಎಳೆದು ನೋಡಿದರೆ, ಜೇನಿನ ಬಣ್ಣವಿದ್ದ ಆಯಿಲ್ ಕಾಡಿಗೆಯಂತಾಗಿತ್ತು. 'ಹೊಸ ಆಯಿಲ್ ಹಾಕಿಯೇ ಇಲ್ಲ, ಬಿಲ್ ಮಾತ್ರ ಮಾಡಿದ್ದಾನೆ' ಎಂದ ಅಣ್ಣ. ನಾನೂ ಹೌದೆಂದೆ. ಸಾಲದ್ದಕ್ಕೆ ಹಾಸ್ಟೆಲಿನ ಮೂವರು ಗೆಳೆಯರಿಗೆ ಆ ಗ್ಯಾರೇಜಿಗೆ ಹೋಗಬೇಡಿ ಎಂದೂ ಹೇಳಿದೆ.

ನಮ್ಮ ಬಳಿ ಇದ್ದ ಸಾಕ್ಷಿ ಒಂದೇ: ಬಣ್ಣ.

ಜಗಳಕ್ಕೆಂದೇ ಹೋದಾಗ ಆ ಮೆಕ್ಯಾನಿಕ್ ಸಿಟ್ಟಾಗಲಿಲ್ಲ. ಡಿಪ್‌ಸ್ಟಿಕ್ ಒರೆಸಿ, ಮತ್ತೆ ಅದ್ದಿ ಮಟ್ಟ ನೋಡಿದರು. ತುದಿಯನ್ನು ಮೂಗಿನ ಹತ್ತಿರ ಹಿಡಿದರು. "ದಿನಾ ಎಷ್ಟು ಓಡಿಸ್ತೀರಾ ಸಾರ್?" ಆಫೀಸಿಗೆ ಹೋಗಿಬರಲು ಮೂರು ಮೂರು ಕಿಲೋಮೀಟರ್ ಎಂದ ಅಣ್ಣ. "ಭಾನುವಾರ?" ಅಣ್ಣ ನಕ್ಕುಬಿಟ್ಟ. ಹೆದ್ದಾರಿಯ ಕಥೆಯೆಲ್ಲ ಆ ನಗುವಿನಲ್ಲೇ ಇತ್ತು.

ಅವರು ಹೇಳಿದ್ದು ಇಷ್ಟು. ಆಯಿಲ್ ಮಟ್ಟ ತಾವು ತುಂಬಿದ್ದಕ್ಕಿಂತ ಒಂಚೂರು ಮೇಲಿದೆ, ಪೆಟ್ರೋಲ್ ವಾಸನೆಯೂ ಇದೆ. ಎಂಜಿನ್ ಬಿಸಿಯಾಗುವ ಮೊದಲೇ ಗಾಡಿ ನಿಲ್ಲಿಸಿದರೆ, ಪೂರ್ತಿ ಉರಿಯದ ಪೆಟ್ರೋಲ್ ಪಿಸ್ಟನ್ ರಿಂಗುಗಳ ಸಂದಿಯಿಂದ ಕೆಳಗಿಳಿದು ಆಯಿಲಿಗೆ ಸೇರುತ್ತದೆ. ಪೆಟ್ರೋಲನ್ನು ನೇರ ಸಿಲಿಂಡರಿಗೇ ಚಿಮ್ಮಿಸುವ ಇಂಥ ಎಂಜಿನ್ನುಗಳಲ್ಲಿ ಮಸಿಯೂ ಹೆಚ್ಚು. ಜೋರಾಗಿ ಓಡಿಸಿದಾಗ ಟರ್ಬೊದ ಶಾಖ ಆಯಿಲನ್ನು ಬೇಯಿಸುತ್ತದೆ. ಹಿಂದಿನ ಮಾಲೀಕ ಬಿಟ್ಟುಹೋದ ಜಿಡ್ಡನ್ನು ಹೊಸ ಆಯಿಲ್ ಕರಗಿಸುತ್ತಿರಲೂಬಹುದು. ಎಂಜಿನ್ನಿನೊಳಗಿನ ಹೊಗೆಯನ್ನು ಎಳೆದುಕೊಳ್ಳುವ ಪಿಸಿವಿ ವಾಲ್ವ್ ಕಟ್ಟಿಕೊಂಡಿದೆಯೇ ನೋಡಿದರು, ಸಿಲಿಂಡರುಗಳ ಕಂಪ್ರೆಷನ್ ಅಳೆದರು. ಎರಡೂ ಸರಿಯಾಗಿದ್ದವು. ಕೊನೆಗೆ, "ಕೊಳೆ ಎತ್ಕೊಳ್ಳೋದೇ ಆಯಿಲ್ ಕೆಲಸ ಸಾರ್. ಎತ್ಕೊಂಡಿದೆ, ಅದಕ್ಕೇ ಕಪ್ಪಾಗಿದೆ" ಎಂದರು.

ಆಯಿಲಿನಲ್ಲಿ ಬೆರೆಸಿರುವ ಕೆಲವು ರಾಸಾಯನಿಕಗಳು ಮಸಿಯ ಕಣಗಳನ್ನು ಒಂದಕ್ಕೊಂದು ಅಂಟಿಕೊಳ್ಳಲು ಬಿಡದೆ ತೇಲಿಸಿಕೊಂಡಿರುತ್ತವೆ. ಕಣಗಳು ಎಷ್ಟು ಸಣ್ಣವೆಂದರೆ ಫಿಲ್ಟರಿಗೂ ಸಿಗುವುದಿಲ್ಲ. ಆ ಮಸಿ ಲೋಹಕ್ಕೆ ಅಂಟಿ ಕೂತು ಆಯಿಲ್ ಮಾತ್ರ ಹೊಳೆಯುತ್ತಿದ್ದರೆ ನಾವು ಖುಷಿಪಡುತ್ತಿದ್ದೆವು; ಎಂಜಿನ್ ಹಾಳಾಗುತ್ತಿತ್ತು. ಮುಖಕ್ಕೆ ಮಸಿ, ಕಪ್ಪುಚುಕ್ಕೆ, ಕಳಂಕ ಎಂದು ಮಾತಾಡಿ ರೂಢಿಯಾದ ನಮಗೆ ಕಪ್ಪು ಕಂಡರೆ ತಪ್ಪೂ ಕಂಡಂತೆಯೇ. ಕೊಳೆ ಹೊತ್ತವನನ್ನೇ ಕೊಳೆ ಮಾಡಿದವನೆಂದು ತಿಳಿಯುವುದು ಎಂಜಿನ್ನಿನ ವಿಷಯದಲ್ಲಷ್ಟೇ ನಾವು ಮಾಡುವ ತಪ್ಪಲ್ಲ.

ಹಾಗೆಂದು ಕಪ್ಪಾದರೆ ಚಿಂತೆಯಿಲ್ಲ ಎನ್ನುವುದೂ ಸೋಮಾರಿತನವೇ. ರಿಂಗುಗಳು ಸವೆದಿದ್ದರೂ ಆಯಿಲ್ ಬೇಗ ಕಪ್ಪಾಗುತ್ತದೆ. ಬಣ್ಣ ಒಂದು ಪ್ರಶ್ನೆಯನ್ನು ಎತ್ತುತ್ತದೆ, ಉತ್ತರ ಹೇಳುವುದಿಲ್ಲ. ಮಟ್ಟ, ವಾಸನೆ, ಒತ್ತಡ, ಓಡಿಸುವ ರೀತಿ ಎಲ್ಲವನ್ನೂ ಕೇಳಬೇಕು. ಅನುಮಾನಕ್ಕೂ ತಪಾಸಣೆಗೂ ಇರುವ ವ್ಯತ್ಯಾಸ ನನಗೆ ಅಲ್ಲಿ ತಿಳಿಯಿತು. ಅನುಮಾನ ಮೊದಲ ಉತ್ತರಕ್ಕೇ ನಿಂತುಬಿಡುತ್ತದೆ. ತಪಾಸಣೆ ಮಾಡುವವನು ಕೇಳುತ್ತಲೇ ಹೋಗುತ್ತಾನೆ, ಕೇಳುವ ಪಟ್ಟಿಯಲ್ಲಿ ತನ್ನ ಹೆಸರನ್ನೂ ಸೇರಿಸಿಕೊಳ್ಳುತ್ತಾನೆ. ನಮ್ಮ ಪಟ್ಟಿಯಲ್ಲಿ ಇದ್ದದ್ದು ಒಂದೇ ಹೆಸರು, ಅದೂ ಬಡಪಾಯಿಯೊಬ್ಬರದು. ಒಂದು ಪಠ್ಯಕ್ಕೆ ಒಂದೇ ಓದು ಸಾಲದು ಎಂದು ಪ್ರಬಂಧದಲ್ಲಿ ಪುಟಗಟ್ಟಲೆ ಬರೆಯುತ್ತಿರುವ ನಾನು, ಒಬ್ಬ ಮನುಷ್ಯನನ್ನು ಒಂದು ಹನಿಯಲ್ಲಿ ಓದಿ ಮುಗಿಸಿದ್ದೆ.

ಕ್ಷಮೆ ಕೇಳಿದೆ. ಅವರು "ಬಿಡಿ ಸಾರ್" ಎಂದು ಕೈ ಒರೆಸಿಕೊಂಡರು. ಪೆಟ್ರೋಲ್ ಬೆರೆತ ಆಯಿಲನ್ನು ಬದಲಾಯಿಸಲು ಅರ್ಧ ಗಂಟೆಯೂ ಹಿಡಿಯಲಿಲ್ಲ. ಆದರೆ ನಾನು ಹೇಳಿದ ಮಾತನ್ನು ಆ ಮೂವರು ಇನ್ನೆಷ್ಟು ಜನಕ್ಕೆ ಹೇಳಿದ್ದಾರೋ. ಇಬ್ಬರಿಗೆ ನಿಜ ತಿಳಿಸಿದ್ದೇನೆ. ಮೂರನೆಯವನು ಊರು ಬಿಟ್ಟಿದ್ದಾನೆ, ಫೋನಿಗೂ ಸಿಗುತ್ತಿಲ್ಲ. ಅವನು ಇದನ್ನು ಓದಲಿ.