ಏಳನೇ ಸೀಟು ಯಾರದು?

ಕಾರು ತಗೋಬೇಕು ಅಂತ ಮನೆಯಲ್ಲಿ ತೀರ್ಮಾನವಾದ ದಿನವೇ ನಾನೊಂದು ಎಕ್ಸೆಲ್ ಶೀಟ್ ತೆರೆದೆ. ನಮ್ಮ ಕಸುಬಿನವರ ಚಾಳಿ ಇದು. ಬೆಲೆ, ಮೈಲೇಜು, ಏರ್‌ಬ್ಯಾಗು, ಡಿಕ್ಕಿಯ ಜಾಗ, ಐದು ವರ್ಷದ ಸರ್ವೀಸ್ ಖರ್ಚು, ಹೀಗೆ ಹನ್ನೊಂದು ಕಾಲಂ. ಮೂರನೇ ದಿನಕ್ಕೆ ಶೀಟು ತೀರ್ಪು ಕೊಟ್ಟಿತು: ಆರು ಸೀಟಿನ ಗಾಡಿ. ನಡುವಿನ ಸಾಲಿನಲ್ಲಿ ಎರಡು ಬಿಡಿ ಕುರ್ಚಿ, ಕೈಯಿಡಲು ಆಸರೆ. ಅಪ್ಪ, ಅವ್ವ ಆರಾಮಾಗಿ ಕೂತು ಬರಬಹುದು ಅಂತ ನನಗೆ ನಾನೇ ಬೆನ್ನು ತಟ್ಟಿಕೊಂಡೆ.

ಹೆಂಡತಿ ಲ್ಯಾಪ್‌ಟಾಪ್ ನೋಡಿ ಕೇಳಿದಳು, "ಆರು ಅಂದ್ರೆ ಯಾರ್ಯಾರು?"

"ನಾನು, ನೀನು, ಮಕ್ಕಳಿಬ್ಬರು, ಅಪ್ಪ, ಅವ್ವ."

"ಸರಿ" ಅಂದು ಅಡುಗೆಮನೆಗೆ ಹೋಗಿ ಕುಕ್ಕರ್ ಇಟ್ಟಳು. ಎರಡು ವಿಷಲ್ ಆದ ಮೇಲೆ ನನಗೆ ಹೊಳೆಯಿತು. ಅವಳ ಅಮ್ಮ. ಮಾವ ತೀರಿಕೊಂಡ ಮೇಲೆ ಮಂಡ್ಯದಲ್ಲಿ ಒಬ್ಬರೇ ಇರುವ, ವರ್ಷದಲ್ಲಿ ಮೂರು ತಿಂಗಳು ನಮ್ಮ ಮನೆಯಲ್ಲೇ ಕಳೆಯುವ ನನ್ನ ಅತ್ತೆ. ಹನ್ನೊಂದು ಕಾಲಮ್ಮಿನ ಶೀಟಿನಲ್ಲಿ ಅವರಿಗೆ ಜಾಗವೇ ಇರಲಿಲ್ಲ.

ಬೇಕೂಂತ ಬಿಟ್ಟಿರಲಿಲ್ಲ. ತೊಂದರೆ ಅದೇ. ಬೇಕೂಂತ ಬಿಟ್ಟಿದ್ದರೆ ಕೂತು ಜಗಳವಾದರೂ ಆಡಬಹುದಿತ್ತು. ನಾನು ಅವರನ್ನು ಎಣಿಸಿಯೇ ಇರಲಿಲ್ಲ. ಇನ್ನೆರಡು ವರ್ಷ ಬಿಟ್ಟು ಯಾವುದೋ ಹಬ್ಬಕ್ಕೆ ಹೊರಡುವಾಗ "ಅಯ್ಯೋ, ಜಾಗ ಇಲ್ವಲ್ಲ ಅತ್ತೆ" ಅಂತ ನಾನು ಹೇಳುತ್ತಿದ್ದೆ. ಅದು ಸುಳ್ಳೂ ಆಗಿರುತ್ತಿರಲಿಲ್ಲ. ನಿಜಕ್ಕೂ ಜಾಗ ಇರುತ್ತಿರಲಿಲ್ಲ. ಆದರೆ ಜಾಗ ಇಲ್ಲದ ಹಾಗೆ ಮಾಡಿಕೊಂಡವನು ಯಾರು?

ನಮ್ಮೂರು ತಿಪಟೂರಿನ ಹತ್ತಿರ. ನಾನು ಚಿಕ್ಕವನಿದ್ದಾಗ ಮದುವೆಗೋ ದೇವಸ್ಥಾನಕ್ಕೋ ಅಂತ ಬಾಡಿಗೆ ಟ್ರ್ಯಾಕ್ಸ್ ಮಾಡಿದರೆ ಅದರಲ್ಲಿ ಎಷ್ಟು ಸೀಟಿದೆ ಅಂತ ಯಾರೂ ಕೇಳುತ್ತಿರಲಿಲ್ಲ. ಹೊರಟವರೆಲ್ಲ ಹತ್ತಿದ ಮೇಲೆ ಬಾಗಿಲು ಹಾಕುತ್ತಿದ್ದರು, ಅಷ್ಟೆ. ತೊಡೆ ಮೇಲೆ ಮಗು, ಮಗುವಿನ ತೊಡೆ ಮೇಲೆ ಹಣ್ಣಿನ ಬುಟ್ಟಿ. "ಒಸಿ ಸರ್ಕೊಳ್ರಪ್ಪ" ಅಂದರೆ ಜಾಗ ಹುಟ್ಟುತ್ತಿತ್ತು. ಅದು ಸುಂದರ ಕಾಲ ಅಂತ ನಾನು ಹೇಳುತ್ತಿಲ್ಲ. ಗಾಡಿ ಮಗುಚಿದರೆ ಏನಾಗುತ್ತಿತ್ತು ಅಂತ ಈಗ ನೆನೆಸಿಕೊಂಡರೆ ಮೈ ನಡುಗುತ್ತದೆ. ಈಗ ತಲೆಗೊಂದು ಬೆಲ್ಟು, ಚಿಕ್ಕ ಮಗುವಿಗೆ ಅದರದೇ ಸೀಟು. ಅದೇ ಸರಿ. ಆದರೆ ಇದರಿಂದ ಒಂದು ಬದಲಾವಣೆ ಆಗಿದೆ. ಯಾರು ಬರಬೇಕು ಅನ್ನುವುದನ್ನು ಆಗ ಹೊರಡುವ ಹೊತ್ತಿಗೆ ಬಾಗಿಲ ಬಳಿ ತೀರ್ಮಾನಿಸುತ್ತಿದ್ದೆವು. ಈಗ ಅದು ಶೋರೂಮಿನಲ್ಲಿ, ವರ್ಷಗಳ ಮುಂಚೆಯೇ ತೀರ್ಮಾನವಾಗಿಬಿಡುತ್ತದೆ. ಸರಿದು ಕೂರುವ ಒಳ್ಳೆಯತನಕ್ಕೆ ಈಗ ಅವಕಾಶ ಕಮ್ಮಿ. ಅದನ್ನು ಮೊದಲೇ ದುಡ್ಡು ಕೊಟ್ಟು ಕೊಳ್ಳಬೇಕು.

ದುಡ್ಡಿನ ಮಾತು ಬಂದಿದ್ದಕ್ಕೆ ಹೇಳುತ್ತೇನೆ. ನಮ್ಮಂಥವರ ಕೈಗೆ ಎಟಕುವ ಏಳು ಸೀಟಿನ ಕಾರುಗಳು ಬೆರಳೆಣಿಕೆಯಷ್ಟು. 2019ರಲ್ಲಿ ಬಂದ ರೆನೋ ಟ್ರೈಬರ್ ಏಳು ಜನರನ್ನು ನಾಲ್ಕು ಮೀಟರಿನೊಳಗೆ ಕೂರಿಸುತ್ತದೆ. ಈ ನಾಲ್ಕು ಮೀಟರಿನ ಗೆರೆ ತೆರಿಗೆಯದ್ದು. ಉದ್ದ ಅದರೊಳಗಿದ್ದು, ಪೆಟ್ರೋಲ್ ಎಂಜಿನ್ 1,200 ಸಿಸಿ ಮೀರದಿದ್ದರೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಶೇ. 18. ಗೆರೆ ದಾಟಿದರೆ ಶೇ. 40. 2012ರಿಂದ ಓಡುತ್ತಿರುವ ಮಾರುತಿ ಎರ್ಟಿಗಾ ನಾಲ್ಕು ಮೀಟರಿಗಿಂತ ಉದ್ದ, 1,462 ಸಿಸಿ. ಹಾಗಾಗಿ ಗೆರೆಯ ಆಚೆ. ಟ್ರೈಬರಿನಲ್ಲಿ ಮೂರನೇ ಸಾಲು ಎತ್ತಿ ನಿಲ್ಲಿಸಿದರೆ ಡಿಕ್ಕಿಯಲ್ಲಿ ಉಳಿಯುವುದು 84 ಲೀಟರ್ ಜಾಗ. ಎರ್ಟಿಗಾದಲ್ಲಿ 209. ಅವ್ವನಿಗೆ ಫೋನಿನಲ್ಲಿ ಇದನ್ನು ವಿವರಿಸಿದೆ. "ಹಂಗಾರೆ ಜನ ಕೂತ್ರೆ ಕಾಯಿ ಮೂಟೆ ಇಡಕ್ಕಾಗಲ್ಲ ಅನ್ನು" ಅಂದಳು. ಯಾವ ಯೂಟ್ಯೂಬ್ ರಿವ್ಯೂ ಕೂಡ ಇಷ್ಟು ಚಿಕ್ಕದಾಗಿ ಹೇಳಿರಲಿಲ್ಲ.

ಇಲ್ಲೊಂದು ಗಟ್ಟಿಯಾದ ವಾದವಿದೆ. ನನ್ನ ಟೀಮಿನ ಗೆಳೆಯನೊಬ್ಬ ಅದನ್ನೇ ಮುಂದಿಟ್ಟ. "ವರ್ಷಕ್ಕೆ ಎಷ್ಟು ದಿನ ಏಳು ಜನ ಒಟ್ಟಿಗೆ ಹೋಗ್ತೀರ? ಹತ್ತು? ಆ ಹತ್ತು ದಿನ ಇನ್ನೋವಾ ಬಾಡಿಗೆಗೆ ತಗೋ. ಪೀಕ್ ಲೋಡಿಗೆ ಅಂತ ಸರ್ವರ್ ಕೊಂಡು ಇಟ್ಕೋತಾರಾ ಯಾರಾದ್ರೂ?" ಲೆಕ್ಕದಲ್ಲಿ ಅವನು ಹೇಳಿದ್ದು ಸರಿ. ನೀತಿಯಲ್ಲೂ ಅರ್ಧ ಸರಿ. ಬೆಂಗಳೂರಿನ ರಸ್ತೆಯಲ್ಲಿ ಒಬ್ಬನೇ ಕೂತು ಆರು ಖಾಲಿ ಸೀಟುಗಳನ್ನು ಎಳೆದುಕೊಂಡು ಆಫೀಸಿಗೆ ಹೋದರೆ, ಅಪ್ಪ ಅಮ್ಮನ ಮೇಲಿನ ನನ್ನ ಪ್ರೀತಿಯ ಬೆಲೆಯನ್ನು ಹಿಂದಿನ ಬೈಕಿನವನು ತೆರುತ್ತಿರುತ್ತಾನೆ.

ಆದರೂ ಅವನ ಲೆಕ್ಕದಲ್ಲಿ ಒಂದು ವಿಷಯ ಬಿಟ್ಟುಹೋಗಿದೆ. ಸರ್ವರಿಗೆ ಸಂಕೋಚವಿಲ್ಲ, ಮನುಷ್ಯರಿಗಿದೆ. "ಅತ್ತೆ, ನೀವೂ ಬನ್ನಿ, ನಾಲ್ಕು ಸಾವಿರ ಕೊಟ್ಟು ದೊಡ್ಡ ಗಾಡಿ ಮಾಡ್ತೀನಿ" ಅಂದರೆ ಅವರು ಖಂಡಿತ ಬರುವುದಿಲ್ಲ. "ನಾನ್ಯಾಕಪ್ಪ, ನೀವು ಹೋಗ್ಬನ್ನಿ, ನಂಗೆ ಬಿಸಿಲಿಗೆ ಆಗಲ್ಲ" ಅನ್ನುತ್ತಾರೆ. ಅಪ್ಪನೂ ಅಷ್ಟೆ, "ಬಸ್ಸೈತಲ್ಲ ಬಿಡಪ್ಪ" ಅನ್ನುತ್ತಾನೆ. ತಾವು ಬಂದರೆ ಖರ್ಚು ಹೆಚ್ಚುತ್ತದೆ ಅಂತ ಗೊತ್ತಾದ ಕೂಡಲೇ ಹಿಂದೆ ಸರಿಯುವ ತಲೆಮಾರು ಅದು. ಖಾಲಿ ಇರುವ ಸೀಟಿಗೆ ಬರುವುದು ಬೇರೆ, ತಮಗಾಗಿ ತರಿಸಿದ ಸೀಟಿಗೆ ಬರುವುದು ಬೇರೆ. ವರ್ಷದಲ್ಲಿ 350 ದಿನ ಖಾಲಿ ಇರುವ ಸೀಟು ಉಳಿದ 15 ದಿನ ಅವರ ಸಂಕೋಚವನ್ನು ಕಳೆಯುತ್ತದೆ. ಅದಕ್ಕೆ ಕಾಲಂ ಹಾಕುವುದು ಹೇಗೆ ಅಂತ ನನಗಿನ್ನೂ ತಿಳಿದಿಲ್ಲ.

ಹಾಗಾದರೆ ಏಳಕ್ಕೇ ಯಾಕೆ ನಿಲ್ಲಬೇಕು ಅಂತ ನೀವು ಕೇಳಬಹುದು. ತಂಗಿ ಇದ್ದಾಳೆ, ಚಿಕ್ಕಪ್ಪ ಇದ್ದಾನೆ. ನಿಜ. ಯಾವ ಸಂಖ್ಯೆಗೆ ನಿಂತರೂ ಯಾರೋ ಹೊರಗುಳಿಯುತ್ತಾರೆ. ಐದು ಸೀಟಿನ ಹಳೇ ಕಾರಿಟ್ಟುಕೊಂಡು ಎರಡು ಟ್ರಿಪ್ ಹೊಡೆದು ಎಲ್ಲರನ್ನೂ ಕರೆತರುವವನು ನನಗಿಂತ ದೊಡ್ಡವನು. ಸಾಲ ಮಾಡಿ ದೊಡ್ಡ ಗಾಡಿ ತಗೊಳ್ಳಿ ಅಂತಲೂ ನಾನು ಹೇಳುತ್ತಿಲ್ಲ. ನಮ್ಮ ಕೈಲಾದಷ್ಟರಲ್ಲಿ ಯಾರನ್ನು ಬಿಡುತ್ತಿದ್ದೇವೆ ಅನ್ನುವುದು ಗೊತ್ತಿರಲಿ, ಅವರ ಹೆಸರು ಹಿಡಿದು ಗೊತ್ತಿರಲಿ, ಅಷ್ಟೆ. ನನ್ನ ತಪ್ಪು ಆರು ಸೀಟು ಆರಿಸಿದ್ದಲ್ಲ, ಏಳನೆಯವರನ್ನು ಲೆಕ್ಕಕ್ಕೇ ತಗೊಳ್ಳದಿದ್ದದ್ದು.

ಸೀಟು ಇದ್ದುಬಿಟ್ಟರೆ ಎಲ್ಲ ಮುಗಿಯಿತು ಅಂದುಕೊಂಡಿದ್ದೆ. ಅದೂ ತಪ್ಪಾಯಿತು. ಶೋರೂಮಿಗೆ ಹೋದವರೆಲ್ಲ ಸ್ಟೇರಿಂಗ್ ಹಿಡಿದು ನೋಡುತ್ತಾರೆ, ಮೂರನೇ ಸಾಲಿನಲ್ಲಿ ಯಾರೂ ಕೂತು ನೋಡುವುದಿಲ್ಲ. ನಾನು ಕೂತೆ. ಮಂಡಿ ಎದೆಗೆ ಬಂತು. "ಅದು ಮಕ್ಕಳಿಗೆ ಸಾರ್" ಅಂದ ಸೇಲ್ಸ್ ಹುಡುಗ. ಆದರೆ ಚಿಕ್ಕವನ ಸೀಟು ನಮ್ಮ ಕಣ್ಣಳತೆಯಲ್ಲಿ, ನಡುವಿನ ಸಾಲಿನಲ್ಲೇ ಇರಬೇಕು. ಅವ್ವನನ್ನು ಕರೆದುಕೊಂಡು ಹೋದ ದಿನ, ಹೇಳುವ ಮೊದಲೇ ಅವಳು ಬಗ್ಗಿ ಹಿಂದಕ್ಕೆ ಹೋಗಿ ಕೂತಳು. "ನಂಗಿಲ್ಲೇ ಸಾಕು ಕಣಪ್ಪ." ಎಲ್ಲರ ಊಟ ಆದ ಮೇಲೆ ಪಾತ್ರೆಯ ತಳದಲ್ಲಿ ಉಳಿದದ್ದನ್ನು ಬಡಿಸಿಕೊಳ್ಳುವಾಗಲೂ ಅವಳು ಇದೇ "ಸಾಕು" ಅನ್ನುತ್ತಿದ್ದಳು. ನಲವತ್ತು ವರ್ಷದ ಅಭ್ಯಾಸ. ಅವಳ "ಸಾಕು" ಕೇಳಿ ನಾವು ನೆಮ್ಮದಿಯಾಗಿ ಉಂಡಿದ್ದೇವೆ.

ಅವ್ವನಿಗೆ ಮಂಡಿನೋವು. ಬಸ್ಸಿನಲ್ಲೂ ಕಿಟಕಿ ಪಕ್ಕ ಕೂತು, ಕೈಯಲ್ಲಿ ನಿಂಬೆಹಣ್ಣು ಹಿಡಿದೇ ಬರುವವಳು. ಮೂರನೇ ಸಾಲಿನ ಕಿಟಕಿ ಗಾಜು ಇಳಿಯುವುದಿಲ್ಲ. ಅಲ್ಲಿ ಕೂತವರಿಗೆ ಬಾಗಿಲೂ ಇಲ್ಲ. ಮುಂದಿನವರು ಇಳಿದು ಸೀಟು ಮಡಚಿ ಕೊಟ್ಟರೆ ಮಾತ್ರ ಅವರು ಹೊರಗೆ ಬರಬಹುದು.

ಕೊನೆಗೆ ನಾಲ್ಕು ವರ್ಷ ಓಡಿದ ಎರ್ಟಿಗಾ ತಗೊಂಡೆವು. ಕೊಳ್ಳುವ ಮೊದಲೇ ಎರಡು ನಿಯಮ ಮಾಡಿಕೊಂಡೆವು. ಒಂದು, ಕಾರು ಆಫೀಸಿಗಿಲ್ಲ. ಕೆಂಗೇರಿಯಿಂದ ವೈಟ್‌ಫೀಲ್ಡಿಗೆ ಮೆಟ್ರೋ ಇದೆ, ಮೊದಲಿನ ಹಾಗೇ ಅದರಲ್ಲೇ ಹೋಗುವುದು. ಎರಡು, ಏಳು ಜನ ಹೊರಟಾಗ ಮೂರನೇ ಸಾಲು ಕಾರು ಆರಿಸಿದವರದ್ದು. ಅರ್ಧ ದಾರಿ ನಾನು ಓಡಿಸುತ್ತೇನೆ, ಹೆಂಡತಿ ಮಗಳ ಜೊತೆ ಹಿಂದೆ. ಇನ್ನರ್ಧ ಅವಳು ಓಡಿಸುತ್ತಾಳೆ, ನಾನು ಹಿಂದೆ. ಮುಂದಿನ ಸೀಟು, ಅದರ ಕಿಟಕಿ ಸಮೇತ, ಅವ್ವನದು. ಮೂಟೆಗೆ ಅಂತ ಮೇಲೊಂದು ಕ್ಯಾರಿಯರ್ ಹಾಕಿಸಿದೆವು.

ಕಳೆದ ತಿಂಗಳು ಅಪ್ಪ, ಅವ್ವ ನಮ್ಮಲ್ಲಿಗೆ ಬಂದಿದ್ದರು, ಅತ್ತೆಯೂ ಇದ್ದರು. ಅಪ್ಪ, ಅವ್ವನನ್ನು ಬಿಟ್ಟು ಬರಲು ಎಲ್ಲರೂ ಊರಿಗೆ ಹೊರಟೆವು. ಅತ್ತೆ ಚಪ್ಪಲಿ ಹಾಕಿಕೊಳ್ಳದೆ ಬಾಗಿಲಲ್ಲೇ ನಿಂತಿದ್ದರು. "ಜಾಗ ಇದ್ಯಾ?" ಅಂದರು. "ಇದೆ ಅತ್ತೆ, ಬನ್ನಿ" ಅಂದೆ. ಅಷ್ಟೇ ಮಾತು. ಒಳಗೆ ಹೋಗಿ ಚೀಲ ತಂದರು. ಅದು ಆಗಲೇ ತುಂಬಿಸಿ ಇಟ್ಟಿದ್ದ ಚೀಲ.

ತುಮಕೂರಿನ ಆಚೆ ಓಡಿಸುವ ಸರದಿ ಹೆಂಡತಿಗೆ ಬಂತು. ನಾನು ಹಿಂದೆ ಮುದುಡಿ ಕೂತೆ. ಕೆ.ಬಿ. ಕ್ರಾಸಿನಲ್ಲಿ ಕಾಫಿಗೆ ನಿಲ್ಲಿಸಿದಾಗ ಎಲ್ಲರೂ ಇಳಿದು ಹೋಟೆಲಿಗೆ ಹೋದರು, ಮಗಳು ಕೂಡ ಸಂದಿಯಲ್ಲಿ ತೂರಿಕೊಂಡು ಓಡಿದಳು. ನಾನು ಮುಂದಿನ ಸೀಟಿನ ಲಿವರ್ ಹುಡುಕುತ್ತಾ ಒಳಗೇ ಉಳಿದೆ. ಸ್ವಲ್ಪ ಹೊತ್ತಿನ ಮೇಲೆ ಅವ್ವ ಲೋಟ ಹಿಡಿದು ವಾಪಸ್ ಬಂದು ಬಗ್ಗಿ ನೋಡಿದಳು.

"ಯಾಕಪ್ಪ, ಇಳಿಯಕ್ಕಾಗಲ್ವಾ ಅಲ್ಲಿಂದ?"

"ಯಾರಾದ್ರೂ ಸೀಟು ಮಡಚ್ಬೇಕು ಅವ್ವ."

"ಅವತ್ತು ನಾನು ಅಲ್ಲೇ ಕೂತಿದ್ನಲ್ಲ" ಅಂದಳು. ಆಮೇಲೆ ಲೋಟವನ್ನು ಕಾರಿನ ಮೇಲಿಟ್ಟು, ಎರಡೂ ಕೈಯಲ್ಲಿ ಸೀಟು ಎಳೆಯತೊಡಗಿದಳು.